ತೋಟದ ದಾರಿಯಲ್ಲಿ ಪುಟ್ಟ ನಾಯಿ: ಎದೆಪಟ್ಟಿಯಿಂದ ಸಡಿಲ ಹಗ್ಗದವರೆಗೆ

ಕಳಸ, ಮೂಡಿಗೆರೆ, ಕುದುರೆಮುಖದ ಕಡೆಯ ತೋಟದ ಮನೆಗಳಲ್ಲಿ ನಾಯಿಯ ದಿನಚರಿ ಬಹುಕಾಲದಿಂದ ಒಂದೇ. ಬೆಳಗಾದರೆ ಚೈನು, ಕತ್ತಲಾದರೆ ಬಿಡುಗಡೆ. ಹಗಲೆಲ್ಲ ಗೂಡಿನ ಪಕ್ಕ ಬಿದ್ದುಕೊಂಡು ಬಂದವರಿಗೆ ಹೋದವರಿಗೆ ಬೊಗಳುವುದು, ರಾತ್ರಿ ತೋಟ ಸುತ್ತಿ ಹಂದಿ ಅಟ್ಟುವುದು. ಹಗ್ಗ ಹಿಡಿದು ನಾಯಿಯನ್ನು ವಾಕಿಂಗ್ ಕರೆದೊಯ್ಯುವುದು ಪೇಟೆಯವರ ಷೋಕಿ ಎಂದೇ ಇಲ್ಲಿನ ಹಿರಿಯರ ಲೆಕ್ಕ. ಅವರ ಮಾತು ತಪ್ಪೂ ಅಲ್ಲ. ಮೂಡಿಗೆರೆಯ ತೇಜಸ್ವಿಯವರ ‘ಪರಿಸರದ ಕತೆ’ ಓದಿ ಬೆಳೆದವರಿಗೆ ಗೊತ್ತಿರುವ ‘ಕಿವಿ’ ಕೂಡ ಯಜಮಾನನ ಜೊತೆ ಕಾಡು ನುಗ್ಗುವ ನಾಯಿ.

ಆದರೆ ಈಗ ಜಗಲಿಯ ಮೇಲೆ ಕೂತಿರುವ ನಾಯಿಯೇ ಬೇರೆ. ಪಮೇರಿಯನ್ ಎಂದು ನಾವೆಲ್ಲ ಕರೆಯುವ ಬಿಳಿ ಸ್ಪಿಟ್ಜ್ ಇಲ್ಲಿಗೆ ಬಂದು ದಶಕಗಳಾದವು. 2003ರ ಹಚ್ ಮೊಬೈಲ್ ಜಾಹೀರಾತು ಟಿ.ವಿ.ಯಲ್ಲಿ ಬಂದ ಮೇಲೆ ಪಗ್ ಮನೆಮಾತಾಯಿತು. ಈಚೆಗೆ ಬೆಂಗಳೂರಿನಲ್ಲಿರುವ ಮಕ್ಕಳು ಶಿಟ್ಜು, ಡ್ಯಾಶ್‌ಹೌಂಡ್ ಸಾಕಲು ಹೋಗಿ, ಕೆಲಸದ ಗಡಿಬಿಡಿಯಲ್ಲಿ ಆಗದೆ, ‘ಅಪ್ಪಾ, ನೀವೇ ನೋಡ್ಕೊಳ್ಳಿ’ ಎಂದು ತೋಟಕ್ಕೆ ತಂದು ಬಿಡುತ್ತಾರೆ. ನಾಲ್ಕರಿಂದ ಹತ್ತು ಕಿಲೋ ತೂಗುವ ಈ ನಾಯಿಗಳನ್ನು ರಾತ್ರಿ ತೋಟಕ್ಕೆ ಬಿಟ್ಟರೆ ಚಿರತೆಯ ಬಾಯಿಗೆ ಹಾಕಿದಂತೆಯೇ. ಹಾಗೆಂದು ರಾತ್ರಿ ಮನೆಯೊಳಗೆ, ಹಗಲು ಚೈನಿನಲ್ಲಿ ಇಟ್ಟರೆ ಅದು ಓಡಾಡುವುದು ಯಾವಾಗ? ಕಾನೂನು ಕೂಡ ಈ ಪ್ರಶ್ನೆ ಕೇಳಿದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು ಅಪರಾಧ. ಸದಾ ಕಟ್ಟಿಡುವ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದೂ ಅಪರಾಧ. ತೋಟದಲ್ಲಿ ಎಷ್ಟೋ ಜನಕ್ಕೆ ಈ ಎರಡನೆಯ ಮಾತು ಗೊತ್ತೇ ಇಲ್ಲ.

ಹಾಗಾಗಿ ಪುಟ್ಟ ನಾಯಿಗೆ ಹಗ್ಗದ ನಡಿಗೆ ಕಲಿಸಲೇಬೇಕು. ಕಷ್ಟ ಬರುವುದು ನಮ್ಮ ಕೈ ರೂಢಿಯಿಂದ. ದನ, ನಾಯಿ, ಹೊರೆ ಏನೇ ಇರಲಿ, ಹಗ್ಗ ಹಿಡಿದರೆ ಬಿಗಿ ಮಾಡುವುದೇ ನಮಗೆ ಗೊತ್ತು. ಕಟ್ಟುವ ಹಗ್ಗಕ್ಕೆ ಅದು ಸರಿ. ನಡೆಸುವ ಹಗ್ಗ ಹಾಗಲ್ಲ. ನಿಮ್ಮ ಕೈಯಿಂದ ಇಳಿದು ನಾಯಿಯ ಬೆನ್ನಿಗೆ ಸೇರುವ ಮೊದಲು ಅದರಲ್ಲಿ ಒಂದು ಬಾಗು ಕಾಣಬೇಕು. ಆ ಬಾಗು ಉಳಿದಿರುವಷ್ಟು ಹೊತ್ತು ನಾಯಿ ತಾನಾಗಿ ನಿಮ್ಮ ಜೊತೆ ಬರುತ್ತಿದೆ ಎಂದು ಲೆಕ್ಕ. ಮುಂದೆ ಹೇಳುವುದೆಲ್ಲ ಆ ಬಾಗನ್ನು ಉಳಿಸಿಕೊಳ್ಳುವ ಉಪಾಯಗಳೇ.

ಮೊದಲು ಕುತ್ತಿಗೆಯ ವಿಷಯ. ದೊಡ್ಡ ನಾಯಿಗೆ ಬೆಲ್ಟು ಹಾಕಿ ಎಳೆದರೆ ಅದು ತಡೆದುಕೊಂಡೀತು. ಪಮೇರಿಯನ್, ಪಗ್, ಶಿಟ್ಜು ಮುಂತಾದ ಸಣ್ಣ ತಳಿಗಳಲ್ಲಿ ಶ್ವಾಸನಾಳದ ಮೆದು ಎಲುಬಿನ ಬಳೆಗಳು ಸಡಿಲಗೊಂಡು ನಾಳ ಚಪ್ಪಟೆಯಾಗುವ ತೊಂದರೆ ಹೆಚ್ಚು. ಬೆಲ್ಟಿನ ಒತ್ತಡ ಅದನ್ನು ಕೆರಳಿಸುತ್ತದೆ. ನಾಯಿ ಎಳೆದಾಗಲೆಲ್ಲ ಬಾತುಕೋಳಿ ಕೂಗಿದ ಹಾಗೆ ಕೆಮ್ಮಿದರೆ ಡಾಕ್ಟರಿಗೆ ತೋರಿಸಿ. ಪಗ್ಗಿನ ಕಥೆ ಇನ್ನೊಂದು ಥರ. ಅದರ ತಲೆಗೂ ಕುತ್ತಿಗೆಗೂ ದಪ್ಪದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹಿಂದಕ್ಕೆ ಜಗ್ಗಿದರೆ ಬೆಲ್ಟು ನಿಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಕಣ್ಣಿಗೂ ಅಪಾಯ ಇದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಾಯಿ ಬೆಲ್ಟಿನ ವಿರುದ್ಧ ಎಳೆದಾಗ ಕಣ್ಣೊಳಗಿನ ಒತ್ತಡ ಏರಿತ್ತು, ಎದೆಪಟ್ಟಿಯಲ್ಲಿ, ಅಂದರೆ ಹಾರ್ನೆಸ್‌ನಲ್ಲಿ, ಎಳೆದಾಗ ಏರಿರಲಿಲ್ಲ. ಉಬ್ಬುಗಣ್ಣಿನ ತಳಿಗಳಿಗೆ ಇದು ಸಣ್ಣ ಸಂಗತಿಯಲ್ಲ. ಬೆಲ್ಟು ಕುತ್ತಿಗೆಯಲ್ಲಿರಲಿ, ಫೋನ್ ನಂಬರಿನ ಬಿಲ್ಲೆ ತೂಗುಹಾಕಲು. ಹಗ್ಗ ಸೇರುವುದು ಮಾತ್ರ ಎದೆಗೆ ತೊಡಿಸುವ ಹಾರ್ನೆಸ್‌ಗೆ.

ಹಾರ್ನೆಸ್ ಕೊಳ್ಳುವಾಗ ತಳಿಯ ಹೆಸರು ಹೇಳಿ ‘ಸ್ಮಾಲ್ ಕೊಡಿ’ ಎಂದರೆ ಸಾಲದು. ದರ್ಜಿಯ ಟೇಪು ತೆಗೆದುಕೊಂಡು ಎರಡು ಕಡೆ ಅಳೆಯಿರಿ: ಕುತ್ತಿಗೆ ಭುಜಕ್ಕೆ ಸೇರುವ ಬುಡದಲ್ಲಿ ಒಂದು ಸುತ್ತು, ಮುಂಗಾಲುಗಳ ಹಿಂದೆ ಎದೆ ಅತಿ ಅಗಲವಿರುವಲ್ಲಿ ಇನ್ನೊಂದು ಸುತ್ತು. ಟೇಪು ಇಲ್ಲದಿದ್ದರೆ ಗೋಣಿ ಹೊಲಿಯುವ ಹುರಿ ಸುತ್ತಿ ಸ್ಕೇಲಿನಲ್ಲಿ ಅಳೆದರೂ ಆಯಿತು. ಸ್ಪಿಟ್ಜ್, ಶಿಟ್ಜುಗಳ ಕೂದಲು ಮೋಸ ಮಾಡುತ್ತದೆ. ಹುರಿಯನ್ನು ಕೂದಲೊಳಗೆ ಇಳಿಸಿ ಚರ್ಮಕ್ಕೆ ತಾಗಿಸಿಯೇ ಅಳೆಯಬೇಕು. ಮುಂದಿನಿಂದ ನೋಡಿದರೆ ಪಟ್ಟಿಗಳು ಎದೆಯ ಮೂಳೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕೂಡುವ ಮಾದರಿ ಒಳ್ಳೆಯದು, ಏಕೆಂದರೆ ಭುಜ ಸರಾಗವಾಗಿ ಆಡುತ್ತದೆ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಹಾಯುವ ಅಗ್ಗದ ಮಾದರಿ ಮುಂಗಾಲಿನ ಬೀಸನ್ನೇ ತಡೆಯುತ್ತದೆ. ಹಾಕಿದ ಮೇಲೆ ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ಹೋಗಬೇಕು. ತೀರಾ ಪುಟ್ಟ ನಾಯಿಗಾದರೆ ಒಂದು. ಕಂಕುಳಿಗೆ ಪಟ್ಟಿ ತಾಗಲೇಬಾರದು. ತಾಗಿದರೆ ನಮ್ಮ ಮಳೆಗಾಲದಲ್ಲಿ ಅಲ್ಲಿ ಹುಣ್ಣಾಗುವುದು ಖಂಡಿತ.

ಒಂದು ಭ್ರಮೆ ಬೇಡ. ಹಾರ್ನೆಸ್ ಹಾಕಿದ ಮಾತ್ರಕ್ಕೆ ಎಳೆಯುವುದು ನಿಲ್ಲುವುದಿಲ್ಲ. ಹಿಮಪ್ರದೇಶದಲ್ಲಿ ನಾಯಿಗಳು ಜಾರುಬಂಡಿ ಎಳೆಯುವುದೇ ಹಾರ್ನೆಸ್ ಕಟ್ಟಿಕೊಂಡು! ಭಾರ ಎದೆಯ ಮೇಲೆ ಹಂಚಿಹೋಗುವುದರಿಂದ ಎಳೆಯಲು ಅದಕ್ಕೆ ಹಾಯೆನಿಸುತ್ತದೆ. ಎದೆಯ ಮುಂಭಾಗದಲ್ಲಿ ಬಳೆ ಇರುವ ಹಾರ್ನೆಸ್‌ಗೆ ಹಗ್ಗ ಸಿಕ್ಕಿಸಿದರೆ ಎಳೆದಾಗ ನಾಯಿಯ ಮೈ ನಿಮ್ಮ ಕಡೆ ತಿರುಗುತ್ತದೆ, ಸ್ವಲ್ಪ ಉಪಯೋಗವಾಗುತ್ತದೆ. ಆದರೂ ಅದು ಊರುಗೋಲಷ್ಟೇ. ಉದ್ದ ಬೆನ್ನಿನ ಡ್ಯಾಶ್‌ಹೌಂಡ್‌ಗೆ ನಾನು ಬೆನ್ನ ಮೇಲಿನ ಬಳೆಯನ್ನೇ ಆರಿಸುತ್ತೇನೆ. ಬೆನ್ನೆಲುಬಿನ ನಡುವಿನ ಬಿಲ್ಲೆ ಜಾರುವ ತೊಂದರೆ ಆ ತಳಿಗೆ ಹುಟ್ಟಿನಿಂದಲೇ ಹೆಚ್ಚು. ಮೈ ತಿರುಚುವುದು ಬೇಡ.

ಹಗ್ಗ ಐದಾರು ಅಡಿ ಇದ್ದರೆ ಸಾಕು, ಕೊಕ್ಕೆ ಹಗುರವಿರಲಿ. ದನಕ್ಕೆ ಹಾಕುವಂಥ ಕೊಕ್ಕೆಯನ್ನು ಪಗ್ ಮರಿಯ ಬೆನ್ನ ಮೇಲೆ ನೇತುಹಾಕಿದ್ದನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ತಾನಾಗಿ ಒಳಗೆ ಸುತ್ತಿಕೊಳ್ಳುವ ಹಗ್ಗದ ಡಬ್ಬಿ ಕಾಫಿ ತೋಟಕ್ಕೆ ಹೇಳಿಸಿದ್ದಲ್ಲ. ನಾಯಿ ನಾಲ್ಕು ಗಿಡ ಸುತ್ತಿ ಬಂದರೆ ಬಿಡಿಸುವಷ್ಟರಲ್ಲಿ ಮಧ್ಯಾಹ್ನ. ಮೇಲಾಗಿ ಆ ಹಗ್ಗ ಸದಾ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಎಳೆದರೆ ಉದ್ದವಾಗುತ್ತದೆ ಎಂಬ ಪಾಠವನ್ನೇ ಕಲಿಸುತ್ತದೆ. ಕಬ್ಬಿಣದ ಚೈನೂ ಬೇಡ. ತೋಟದಂಚಿನ ಐಬೆಕ್ಸ್ ಬೇಲಿಯ ವಿದ್ಯುತ್ ತಂತಿಗೆ ಅದು ತಾಗಿದರೆ ನಾಯಿಗೂ ಹೊಡೆತ, ನಿಮಗೂ ಹೊಡೆತ. ಒಮ್ಮೆ ಹಾಗೆ ಬೆಚ್ಚಿದ ನಾಯಿ ಆಮೇಲೆ ಹಗ್ಗ ಕಂಡರೇ ಮಂಚದಡಿ ಸೇರಿಕೊಳ್ಳುತ್ತದೆ.

ಇನ್ನು ಕಲಿಕೆ. ಮರಿಯಾದರೆ ಮೊದಲ ಲಸಿಕೆಗಳ ಸರಣಿ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೇರೆ ನಾಯಿಗಳು ಓಡಾಡುವ ದಾರಿಗೆ ಇಳಿಸಬೇಡಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಅವಧಿಗೆ. ಆವರೆಗೆ ಹೊತ್ತು ದಂಡವಾಗಬೇಕಿಲ್ಲ. ಮಲೆನಾಡಿನ ಮನೆಯ ಜಗಲಿಯಂಥ ತರಬೇತಿ ಜಾಗ ಪೇಟೆಯವರಿಗೆ ದುಡ್ಡು ಕೊಟ್ಟರೂ ಸಿಗದು. ಉದ್ದಕ್ಕೆ, ನೇರಕ್ಕೆ, ಮಳೆ ತಾಗದಂತೆ, ಒಂದು ಬದಿಗೆ ಗೋಡೆ. ಹೊರಗೆ ಜಡಿಮಳೆ ಹೊಡೆಯುತ್ತಿರಲಿ, ಪಾಠ ನಡೆಯುತ್ತದೆ.

ಮೊದಲ ದಿನ ಹಾರ್ನೆಸ್ ಅನ್ನು ನೆಲದ ಮೇಲಿಟ್ಟು ಸುತ್ತ ತಿಂಡಿ ಚೆಲ್ಲಿ. ಅದು ಮೂಸಲಿ, ತಿನ್ನಲಿ. ಆಮೇಲೆ ಕುತ್ತಿಗೆಯ ಕಂಡಿಯನ್ನು ಒಂದು ಕೈಯಲ್ಲಿ ಅಗಲಿಸಿ ಹಿಡಿದು, ಆಚೆ ಬದಿಯಿಂದ ತಿಂಡಿ ತೋರಿಸಿ. ನಾಯಿಯೇ ತಲೆ ತೂರಿಸಬೇಕು. ನೀವು ತಲೆಗೆ ತುರುಕಿದರೆ ನಾಳೆ ಹಾರ್ನೆಸ್ ಕಂಡ ಕೂಡಲೇ ಅದು ಕಾಲು ಕೀಳುತ್ತದೆ. ಬಕಲ್ ‘ಟಕ್’ ಎನ್ನುವ ಸದ್ದಿಗೂ ಕೆಲವು ಹೆದರುತ್ತವೆ. ಮೈಮೇಲೆ ಹಾಕುವ ಮೊದಲೇ ಕೈಯಲ್ಲಿ ಆ ಸದ್ದು ಮಾಡಿ, ಮಾಡಿದ ಕೂಡಲೇ ತುತ್ತು ಕೊಡಿ. ತೊಡಿಸಿ ಎರಡು ನಿಮಿಷಕ್ಕೆ ತೆಗೆಯಿರಿ. ಮಾರನೆಯ ದಿನ ಊಟದ ಹೊತ್ತಿಗೆ ತೊಡಿಸಿ, ತಟ್ಟೆ ಖಾಲಿಯಾದ ಮೇಲೆ ತೆಗೆಯಿರಿ. ತೊಡಿಸಿದ ಕೂಡಲೇ ನಾಯಿ ಕಲ್ಲಾಗಿ ನಿಂತುಬಿಡುವುದು ಸಾಮಾನ್ಯ. ಹಠ ಎಂದುಕೊಳ್ಳಬೇಡಿ, ಮೈಗೆ ಏನೋ ಅಂಟಿಕೊಂಡಿದೆ ಎಂಬ ಗಾಬರಿ ಅದು. ಮುಂದೆ ಒಂದು ಹೆಜ್ಜೆಯಷ್ಟು ದೂರ ತಿಂಡಿ ಹಾಕಿ ಕಾಯಿರಿ. ಎಳೆದರೆ ಅದು ಇನ್ನಷ್ಟು ಊರಿಕೊಳ್ಳುತ್ತದೆ. ಎಳೆತಕ್ಕೆ ಎದುರೆಳೆಯುವುದು ನಾಯಿಯ ಸ್ವಭಾವ.

ತಿಂಡಿ ಎಂದರೆ ಏನು? ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಮಾಂಸ, ಬೇಯಿಸಿದ ಮೊಟ್ಟೆ, ಪನೀರು. ಕಡಲೆಕಾಳಿನಷ್ಟು ಗಾತ್ರ ಸಾಕು, ಏಕೆಂದರೆ ಪುಟ್ಟ ನಾಯಿಯ ಹೊಟ್ಟೆಯೂ ಪುಟ್ಟದು. ಹತ್ತು ಬಿಸ್ಕತ್ತು ಕೊಟ್ಟರೆ ಪಾಠ ಅಲ್ಲಿಗೆ ಮುಗಿಯಿತು, ತೂಕ ಏರಿತು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಕೆಫೀನ್ ಕೂಡ ವಿಷವೇ. ಕಾಫಿ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು. ಪಲ್ಪರ್ ಮನೆಯ ಹತ್ತಿರ, ಕಣದಲ್ಲಿ ಸಿಹಿ ಸಿಪ್ಪೆಯ ಆಸೆಗೆ ಕಾಫಿ ಹಣ್ಣಿಗೆ ಬಾಯಿ ಹಾಕುವ ನಾಯಿಗಳಿವೆ.

ಹಾರ್ನೆಸ್ ಒಗ್ಗಿದ ಮೇಲೆ ಹಗ್ಗ. ಮೊದಲು ನಿಮ್ಮ ಕಣ್ಣೆದುರಿಗೇ ಮನೆಯೊಳಗೆ ಎಳೆದುಕೊಂಡು ಓಡಾಡಲಿ. ಆಮೇಲೆ ತುದಿ ಹಿಡಿದು ಅದು ಹೋದಲ್ಲಿ ನೀವೇ ಹೋಗಿ. ನಂತರ ಹಗ್ಗವನ್ನು ಬೆರಳಲ್ಲಿ ಹಿಡಿದು, ಹತ್ತಿಯ ಎಳೆ ತುಂಡಾಗದಷ್ಟು ಮೆತ್ತಗೆ ಬಿಗಿ ಮಾಡಿ ಸುಮ್ಮನೆ ನಿಲ್ಲಿ. ನಾಯಿ ನಿಮ್ಮ ಕಡೆ ಅರ್ಧ ಹೆಜ್ಜೆ ಇಟ್ಟಿತೋ, ‘ಭೇಷ್’ ಎನ್ನಿ, ತಿಂಡಿ ಕೊಡಿ. ಹಗ್ಗ ಬಿಗಿಯಾದರೆ ಆ ಕಡೆ ಹೋಗಬೇಕು, ಹೋದರೆ ಲಾಭವಿದೆ. ಇದು ನಾಯಿಗೆ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ‘ಭೇಷ್’ ಬದಲು ಬೇರೆ ಮಾತಾದರೂ ಆಗುತ್ತದೆ, ಆದರೆ ಮನೆಯವರೆಲ್ಲ ಒಂದೇ ಮಾತು ಬಳಸಬೇಕು, ಸರಿಯಾದ ಆ ಕ್ಷಣದಲ್ಲೇ ಹೇಳಬೇಕು. ಮೂರು ಸೆಕೆಂಡು ತಡವಾದರೆ ನಾಯಿ ಅಷ್ಟರಲ್ಲಿ ಕಿವಿ ಕೆರೆದುಕೊಂಡಿರುತ್ತದೆ. ಮೆಚ್ಚುಗೆ ಕಿವಿ ಕೆರೆದದ್ದಕ್ಕೆ ಸಂದಾಯವಾಗುತ್ತದೆ.

ಈಗ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ. ನಾಯಿ ಯಾವ ಬದಿಗಿರಬೇಕೋ ಆ ಬದಿಯ ಕೈಯಲ್ಲೇ, ನಿಮ್ಮ ಕಾಲಿಗೆ ತಾಗಿಸಿಕೊಂಡು ತಿಂಡಿ ಕೊಡಿ. ಪುಟ್ಟ ನಾಯಿಯಾದ್ದರಿಂದ ಪ್ರತಿ ಸಲ ಬಗ್ಗಬೇಕು, ಸೊಂಟ ನೋಯುತ್ತದೆ. ಉದ್ದನೆಯ ಮರದ ಸೌಟಿಗೆ ಪನೀರು ಹಿಸುಕಿ ಅಂಟಿಸಿ ಕೆಳಗಿಳಿಸಿದರೆ ನೆಕ್ಕಿಕೊಳ್ಳುತ್ತದೆ. ನೋಡುವವರು ನಗುತ್ತಾರೆ, ನಗಲಿ. ತಿಂಡಿ ಎಲ್ಲಿ ಸಿಗುತ್ತದೋ ನಾಯಿ ಅಲ್ಲಿರುತ್ತದೆ; ಮುಂದೆ ಕೈ ಚಾಚಿ ಕೊಟ್ಟರೆ ಮುಂದೆಯೇ ಓಡಲು ಕಲಿಯುತ್ತದೆ.

ಎಳೆದಾಗ ಏನು ಮಾಡಬೇಕು? ನಿಲ್ಲಬೇಕು, ಅಷ್ಟೇ. ಬೈಯುವುದಿಲ್ಲ, ಜಗ್ಗುವುದಿಲ್ಲ. ಹಗ್ಗ ಹಿಡಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಿಲ್ಲಿ. ನಾಯಿ ತಿರುಗಿ ನೋಡಿ ಹಗ್ಗ ಸಡಿಲವಾದ ಕೂಡಲೇ ಹೊರಡಿ. ಇಲ್ಲಿ ಬಹುಮಾನ ತಿಂಡಿಯಲ್ಲ, ಮುಂದಕ್ಕೆ ಹೋಗುವುದೇ ಬಹುಮಾನ. ತುಂಬಾ ಎಳೆಯುವ ನಾಯಿಗೆ ನಿಲ್ಲುವ ಬದಲು ತಿರುಗಿ ಬಂದ ದಾರಿಯಲ್ಲೇ ನಡೆಯುವುದು ಒಳ್ಳೆಯದು. ಮೊದಮೊದಲು ಗೇಟು ದಾಟಲಿಕ್ಕೇ ಹದಿನೈದು ನಿಮಿಷ ಹಿಡಿಯುತ್ತದೆ. ಆವತ್ತಿನ ವಾಕಿಂಗ್ ಅಷ್ಟೇ ಎಂದು ಒಪ್ಪಿಕೊಳ್ಳಬೇಕು.

ನಿಲ್ಲುವ ಈ ಉಪಾಯದ ಹಿಂದಿನ ಲೆಕ್ಕ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಫಲ ಕೊಟ್ಟ ನಡವಳಿಕೆ ಉಳಿಯುತ್ತದೆ, ಫಲವಿಲ್ಲದ್ದು ಬಿದ್ದುಹೋಗುತ್ತದೆ ಎಂದು ತೋರಿಸಿಕೊಟ್ಟಿದ್ದರು. ಮುಂದೆ ಬಿ.ಎಫ್. ಸ್ಕಿನ್ನರ್ ಮತ್ತು ಅವರ ಸಂಗಡಿಗರು ಕಂಡುಕೊಂಡ ಸಂಗತಿ ನಮ್ಮ ಮನೆಗಳಿಗೆ ಇನ್ನೂ ಮುಖ್ಯ: ಒಮ್ಮೆ ಫಲ ಸಿಕ್ಕಿ ಒಮ್ಮೆ ಸಿಗದೆ ಹೋದ ನಡವಳಿಕೆಯೇ ಬಿಡಿಸಲು ಅತಿ ಕಷ್ಟ. ನೀವು ಎಳೆದಾಗಲೆಲ್ಲ ನಿಲ್ಲುತ್ತೀರಿ. ಅಜ್ಜ ಮಾತ್ರ ‘ಪಾಪ, ಹೋಗ್ಲಿ ಬಿಡು ಮಾರಾಯ’ ಎಂದು ಅದು ಎಳೆದ ಕಡೆಗೆಲ್ಲ ಹೋಗುತ್ತಾರೆ. ಇಬ್ಬರೂ ಸೇರಿ ನಾಯಿಗೆ ಕಲಿಸಿದ್ದು, ಎಳೆಯುತ್ತಲೇ ಇದ್ದರೆ ಒಂದಲ್ಲ ಒಂದು ದಿನ ಗೆಲ್ಲಬಹುದು ಎಂದು. ಅಜ್ಜನನ್ನು ಬದಲಾಯಿಸುವುದು ಆಗದ ಮಾತಾದರೆ ಒಂದು ದಾರಿಯಿದೆ. ಅವರ ಜೊತೆ ಹೋಗುವಾಗ ಬೇರೆಯೇ ಹಾರ್ನೆಸ್ ಹಾಕಿ. ಕೆಂಪು ಹಾಕಿದರೆ ಎಳೆಯುವಂತಿಲ್ಲ, ನೀಲಿ ಹಾಕಿದರೆ ಅಜ್ಜನ ರಾಜ್ಯ. ಬಣ್ಣಕ್ಕಿಂತ ಪಟ್ಟಿ ಮೈಗೆ ಕೂರುವ ರೀತಿಯಲ್ಲಿ ನಾಯಿಗಳು ಆ ವ್ಯತ್ಯಾಸ ಹಿಡಿಯುತ್ತವೆ.

ಮೂಸಲು ಬಿಡದೆ ನಡೆಸುವುದೂ ಸರಿಯಲ್ಲ. ನಮಗೆ ಪೇಪರ್ ಓದುವುದಕ್ಕಿರುವ ಆಸೆ ಅದಕ್ಕೆ ಮೂಸುವುದರಲ್ಲಿ. ಸ್ವಲ್ಪ ದೂರ ಸಡಿಲ ಹಗ್ಗದಲ್ಲಿ ನಡೆದರೆ ‘ಹೋಗು, ಮೂಸು’ ಎಂದು ಒಂದು ಸಿಲ್ವರ್ ಓಕ್ ಬುಡಕ್ಕೆ ಬಿಡಿ. ಇದೂ ಸಂಬಳವೇ.

ಜಗಲಿ ಆದ ಮೇಲೆ ಕಣ. ಕೊಯ್ಲು ಮುಗಿದು ಕಾಫಿ ಒಣಗಿ ಚೀಲ ಸೇರಿದ ಮೇಲೆ ಕಣ ಖಾಲಿ ಬಿದ್ದಿರುತ್ತದೆ. ಅಗಲ, ಸಮತಟ್ಟು, ಅವಿತುಕೊಳ್ಳಲು ಪೊದೆಯಿಲ್ಲ. ಹದಿನೈದು ಅಡಿ ಹಗ್ಗ ಹಾಕಿ ಕರೆದರೆ ಬರುವ ಪಾಠ ಮಾಡಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮಾತ್ರ ಅತ್ತ ಸುಳಿಯಬೇಡಿ. ಹರವಿದ ಕಾಫಿಯ ಮೇಲೆ ನಾಯಿ ಉಚ್ಚೆ ಹೊಯ್ದರೆ ಉತ್ತರ ಕೊಡಬೇಕಾದವರು ನೀವು. ಬಿಸಿಲಿನ ಹೊತ್ತಲ್ಲಿ ಸಿಮೆಂಟಿನ ಕಣ ಕಾದಿರುತ್ತದೆ. ಅಂಗೈ ಹಿಂಭಾಗ ಊರಿ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು.

ಜೀಪ್ ರಸ್ತೆಗೆ ಇಳಿದರೆ ನಿಜವಾದ ಪರೀಕ್ಷೆ ಕಾರ್ಮಿಕರ ಲೈನು ಮನೆಗಳ ನಾಯಿಗಳದ್ದು. ಅವು ಬಿಟ್ಟೇ ಇರುತ್ತವೆ, ನಿಮ್ಮದು ಕಟ್ಟಿಸಿಕೊಂಡಿರುತ್ತದೆ. ಎದುರಿನಿಂದ ನೇರ ಹೋಗುವುದು ನಾಯಿಗಳ ಲೆಕ್ಕದಲ್ಲಿ ಒರಟುತನ. ದೂರದಿಂದಲೇ ದಾರಿ ಬಳಸಿ ಹೋಗಿ. ಹಗ್ಗ ಬಿಗಿ ಮಾಡಿದರೆ ನಿಮ್ಮ ಹೆದರಿಕೆ ಅದರ ಮೂಲಕ ನಾಯಿಗೆ ತಲುಪುತ್ತದೆ. ನಾಯಿಯನ್ನು ಬೆನ್ನ ಹಿಂದೆ ಮಾಡಿಕೊಂಡು, ಬರುವ ನಾಯಿಯ ಕಡೆ ಒಂದು ಮುಷ್ಟಿ ತಿಂಡಿ ಎಸೆದು ಸದ್ದಿಲ್ಲದೆ ಹೊರಟುಬಿಡುವುದು ನನಗೆ ಗೊತ್ತಿರುವ ಅತಿ ಅಗ್ಗದ ಉಪಾಯ. ಎತ್ತಿಕೊಳ್ಳಲೇಬೇಕಾದರೆ ಎದೆಯ ಅಡಿ ಕೈ ಕೊಟ್ಟು ಎತ್ತಿ, ಹಾರ್ನೆಸ್ ಹಿಡಿದು ಚೀಲದ ಹಾಗೆ ತೂಗಾಡಿಸಬೇಡಿ. ಬೋರ್ಡೋ ದ್ರಾವಣ ಹೊಡೆದ ದಿನ ಆ ತೋಟದೊಳಗೆ ಹೋಗುವುದೇ ಬೇಡ. ನಾಯಿ ಪಾದ ನೆಕ್ಕುತ್ತದೆ, ಮೈಲುತುತ್ತು ಹೊಟ್ಟೆಗೆ ಹೋಗುತ್ತದೆ.

ಕಾಡುಪ್ರಾಣಿಗಳ ವಿಷಯದಲ್ಲಿ ಹಗ್ಗ ಉಳಿಸುವುದು ನಾಯಿಯನ್ನು ಮಾತ್ರ ಅಲ್ಲ, ಯಜಮಾನನನ್ನೂ. ಬಿಟ್ಟ ನಾಯಿ ಪೊದೆಯಲ್ಲಿ ಕಾಟಿಯನ್ನೋ ಆನೆಯನ್ನೋ ಕಂಡು ಬೊಗಳಿ, ಅದು ತಿರುಗಿಬಿದ್ದಾಗ ನೇರ ಓಡಿಬರುವುದು ನಿಮ್ಮ ಕಾಲಬುಡಕ್ಕೆ. ಹಿಂದೆ ಕಾಟಿಯೂ ಬರುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ಇರುವ ಸುದ್ದಿ ಬಂದ ದಿನ ಜಗಲಿಯೇ ಸಾಕು. ಹಂದಿಗೆ ಕಟ್ಟಿದ ಉರುಳೂ ತೋಟದಂಚಿನಲ್ಲಿ ಇರಬಹುದು, ನಡುದಾರಿ ಬಿಡಬೇಡಿ. ಚಿರತೆ ಓಡಾಡುವ ಹೊತ್ತು ನಸುಕು ಮತ್ತು ಮುಸ್ಸಂಜೆ. ಪೇಟೆಯವರ ಹಾಗೆ ಬೆಳಗ್ಗೆ ಐದೂವರೆಗೆ ವಾಕಿಂಗ್ ಇಟ್ಟುಕೊಳ್ಳಬೇಡಿ. ಬಿಸಿಲು ಬಿದ್ದ ಮೇಲೆ ಹೊರಟು, ಸಂಜೆ ಐದರೊಳಗೆ ಗೇಟು ಸೇರಿ.

ಜೂನ್ ಬಂದರೆ ಇಂಬಳ. ಬೆರಳ ಸಂದಿ, ಕಿವಿಯ ಮಡಿಕೆ, ಹಾರ್ನೆಸ್‌ನ ಅಡಿ, ಮೂರೂ ಕಡೆ ನೋಡಬೇಕು. ನಮ್ಮ ಕಾಲಿಗೆ ಹಚ್ಚಿಕೊಳ್ಳುವ ಹೊಗೆಸೊಪ್ಪು, ನಶ್ಯ ನಾಯಿಗೆ ಹಚ್ಚಬೇಡಿ. ನೆಕ್ಕಿದರೆ ನಿಕೋಟಿನ್ ವಿಷ. ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಇಂಬಳ ಬಿಡುತ್ತದೆ. ಮಳೆ ನಿಂತು ಒಣಹವೆ ಬಂದರೆ ಉಣುಗಿನ ಸರದಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಾಣಿಸಿಕೊಂಡಿದೆ. ಅದನ್ನು ಹರಡುವುದು ಉಣುಗು, ಅದರಲ್ಲೂ ಬೇಸಿಗೆಯವರೆಗೆ ಹೆಚ್ಚುವ ಸಣ್ಣ ಮರಿ ಉಣುಗು. ಕಾಡಿನಂಚಿಗೆ ಹೋದ ನಾಯಿ ಅದನ್ನು ಹಾಸಿಗೆಯವರೆಗೆ ತರಬಲ್ಲದು. ನಾಯಿಗೇ ಬರುವ ಉಣುಗು ಜ್ವರ ಬೇರೆ ಇದೆ. ಡಾಕ್ಟರು ಬರೆದುಕೊಟ್ಟ ಔಷಧಿಯನ್ನು ತಪ್ಪದೆ ಹಾಕಿ, ಪ್ರತಿ ವಾಕಿಂಗ್ ಮುಗಿದ ಮೇಲೆ ಹಾರ್ನೆಸ್ ಬಿಚ್ಚಿ ಪಟ್ಟಿಯ ಜಾಗದಲ್ಲಿ ಕೂದಲು ಎದುರು ಸವರಿ ನೋಡಿ. ಒದ್ದೆ ಹಾರ್ನೆಸ್ ಅನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ನೇತುಹಾಕಿ ಪೂರ್ತಿ ಒಣಗಿಸಿ, ಬೆಂಕಿಗೆ ತೀರಾ ಹತ್ತಿರ ಬೇಡ, ಬಕಲ್ ಸೊಟ್ಟಗಾಗುತ್ತದೆ. ಎರಡು ಹಾರ್ನೆಸ್ ಇದ್ದರೆ ಮಳೆಗಾಲ ಸಲೀಸು.

ಇಷ್ಟೆಲ್ಲ ಕಲಿತ ನಾಯಿಯನ್ನು ಕುದುರೆಮುಖ ಶಿಖರಕ್ಕೆ ಕರೆದೊಯ್ಯಬಹುದೇ ಎಂದು ಹೋಮ್‌ಸ್ಟೇಗೆ ಬಂದವರು ಕೇಳುತ್ತಾರೆ. ಇಲ್ಲ. ಸುಮಾರು 600 ಚದರ ಕಿಲೋಮೀಟರಿನ ಆ ಕಾಡು 1987ರಿಂದ ರಾಷ್ಟ್ರೀಯ ಉದ್ಯಾನ. ಸಾಕುನಾಯಿಗೆ ಪ್ರವೇಶವಿಲ್ಲ, ಹಗ್ಗ ಇದ್ದರೂ ಇಲ್ಲ. ಕಾರಣ ಗಟ್ಟಿಯಾದದ್ದೇ. ನಾಯಿಗಳ ಡಿಸ್ಟೆಂಪರ್ ವೈರಸ್ 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರನೇ ಒಂದು ಪಾಲು ಸಿಂಹಗಳನ್ನು ಕೊಂದಿತು. 2018ರಲ್ಲಿ ಗಿರ್ ಸಿಂಹಗಳಲ್ಲೂ ಅದೇ ವೈರಸ್ ಕಾಣಿಸಿತು. ಇಲ್ಲಿನ ಸೀಳುನಾಯಿಗಳಿಗೂ ಅದು ತಗಲಬಲ್ಲದು. ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ಬಹುಪಾಲು ಖಾಲಿಯಾದ ಕುದುರೆಮುಖ ಟೌನ್‌ಶಿಪ್ಪಿನ ಅಗಲ ರಸ್ತೆಗಳು ವಾಕಿಂಗಿಗೆ ಆಸೆ ಹುಟ್ಟಿಸುತ್ತವೆ. ಆದರೆ ಸುತ್ತ ಇರುವುದು ಅದೇ ಕಾಡು. ಅಲ್ಲಿ ವಾಸವಿರುವವರು ಹಗಲು ಹೊತ್ತಲ್ಲಿ, ಗಿಡ್ಡ ಹಗ್ಗದಲ್ಲಿ, ಮನೆಯ ಮುಂದಿನ ಬೀದಿಯಲ್ಲೇ ನಡೆಸಿದರೆ ಸಾಕು. ಚಾರಣಕ್ಕೆ ಹೊರಟವರು ನಾಯಿಯನ್ನು ಮನೆಯಲ್ಲಿ ಯಾರ ಬಳಿಯಾದರೂ ಬಿಟ್ಟು ಹೋಗಿ, ಯಾವ ಹಾರ್ನೆಸ್ ಹಾಕಬೇಕು ಎಂದು ಅವರಿಗೆ ಹೇಳಿ.